ಮೂಕಿಯಲ್ಲಿ ಅನಾರ್ಕಲಿ, ಟಾಕಿಯಲ್ಲಿ ಅಮ್ಮ

ಸುಲೋಚನಾ ಅಂದ ಕೂಡಲೇ ಹಿಂದಿ ಚಿತ್ರಗಳಲ್ಲಿ ಮಗನಿಗಾಗಿ ಕಣ್ಣೀರು ಹಾಕುವ ತಾಯಿ ನೆನಪಾದರೆ, ಆಕೆ ಬೇರೆ. ಇದು ಮೊದಲನೇ ಸುಲೋಚನಾ ಕತೆ. 1907ರಲ್ಲಿ ಪುಣೆಯಲ್ಲಿ ಹುಟ್ಟಿದ ಯಹೂದಿ ಹೆಣ್ಣುಮಗಳು. ಮನೆಯವರು ಇಟ್ಟ ಹೆಸರು ರೂಬಿ ಮೈಯರ್ಸ್. ಸುಲೋಚನಾ ಅನ್ನುವುದು ಸಿನಿಮಾದ ಹೆಸರು.

ಮೊದಲು ಟೆಲಿಫೋನ್ ಆಪರೇಟರ್ ಕೆಲಸ. ಮಾತಾಡುವುದೇ ಹೊಟ್ಟೆಪಾಡು. ಕೋಹಿನೂರ್ ಕಂಪನಿಯ ಮೋಹನ್ ಭವನಾನಿ ಸಿನಿಮಾಕ್ಕೆ ಕರೆದಾಗ ಬರಲ್ಲ ಅಂದರು. ಮರ್ಯಾದಸ್ಥರ ಮನೆ ಹೆಣ್ಣು ಬಣ್ಣ ಹಚ್ಚಿದರೆ ಬೀದಿಯೆಲ್ಲ ಬೆರಳು ತೋರಿಸುವ ಕಾಲ. ಕೊನೆಗೆ ಒಪ್ಪಿ, 1925ರಲ್ಲಿ ತೆರೆಗೆ ಬಂದರು. ಎರಡೇ ವರ್ಷ! 1927ರ ‘ವೈಲ್ಡ್‌ಕ್ಯಾಟ್ ಆಫ್ ಬಾಂಬೆ’ಯಲ್ಲಿ ಒಬ್ಬರದೇ ಎಂಟು ವೇಷ. ಪೊಲೀಸು, ತೋಟದ ಮಾಲಿ, ಹೈದರಾಬಾದಿ ಸಾಹೇಬ, ಬಾಳೆಹಣ್ಣು ಮಾರುವ ಮುದುಕಿ, ಬಿಳಿ ದೊರೆಸಾನಿ ಎಲ್ಲ ಈಕೆಯೇ. ಈಗ ಹೀರೋ ಡಬಲ್ ಆಕ್ಟ್ ಮಾಡಿದರೇ ಊರೆಲ್ಲ ಕಟೌಟು. ಗವರ್ನರಿಗಿಂತ ಈಕೆಗೆ ಸಂಬಳ ಜಾಸ್ತಿ ಅಂತ ಬೊಂಬಾಯಿಯಲ್ಲಿ ಮಾತಿತ್ತು.

ಆಮೇಲೆ ಸಿನಿಮಾ ಬಾಯಿ ಬಿಟ್ಟಿತು. 1931ರಲ್ಲಿ ‘ಆಲಂ ಆರಾ’ ತೆಗೆದದ್ದು ಈಕೆ ದುಡಿಯುತ್ತಿದ್ದ ಇಂಪೀರಿಯಲ್ ಕಂಪನಿಯೇ. ಆದರೆ ನಾಯಕಿ ಜುಬೇದಾ. ಇಂಗ್ಲಿಷ್ ರೂಢಿಯ ಸುಲೋಚನಾಗೆ ಹಿಂದೂಸ್ತಾನಿ ನಾಲಿಗೆ ಹೊರಳುತ್ತಿರಲಿಲ್ಲ. ಮಾತಿನ ಕೆಲಸ ಬಿಟ್ಟು ಬಂದವರಿಗೆ ಮಾತೇ ಮುಳುವಾಯಿತು ನೋಡಿ. ಅತ್ತುಕೊಂಡು ಕೂರಲಿಲ್ಲ. ವರ್ಷವೊಂದು ಕೆಲಸ ನಿಲ್ಲಿಸಿ ಭಾಷೆ ಕಲಿತರು. ಮೂಕಿಯಲ್ಲಿ ಗೆದ್ದ ಕತೆಗಳೇ ಟಾಕಿಯಾಗಿ ಮತ್ತೆ ಬಂದವು. 1934ರಲ್ಲಿ ‘ಇಂದಿರಾ ಎಂ.ಎ.’, 1935ರಲ್ಲಿ ‘ಅನಾರ್ಕಲಿ’, 1936ರಲ್ಲಿ ‘ಬಂಬಯಿ ಕೀ ಬಿಲ್ಲಿ’.

ಭಾಷೆ ಕಲಿಯಬಹುದು, ವಯಸ್ಸು ತಡೆಯಕ್ಕಾಗುತ್ತಾ? 1928ರ ಮೂಕಿ ‘ಅನಾರ್ಕಲಿ’ಗೂ ಈಕೆ ನಾಯಕಿ, 1935ರ ಟಾಕಿಗೂ ಈಕೆಯೇ. 1953ರಲ್ಲಿ ಅದೇ ಕತೆ ಇನ್ನೊಮ್ಮೆ ಬಂದಾಗ ಅನಾರ್ಕಲಿ ಬೀನಾ ರಾಯ್. ಸುಲೋಚನಾ? ಸಲೀಮನ ತಾಯಿ! ಈ ಧಂದೆಯ ಲೆಕ್ಕವೇ ಹಾಗೆ. ನಾಯಕನ ಕೂದಲು ಉದುರಿದರೆ ವಿಗ್ ತರುತ್ತಾರೆ, ನಾಯಕಿಗೆ ಒಂದು ಬಿಳಿ ಕೂದಲು ಕಂಡರೆ ಮಗನನ್ನು ತಂದು ನಿಲ್ಲಿಸುತ್ತಾರೆ. ಆಮೇಲೆಲ್ಲ ಚಿಲ್ಲರೆ ಪಾತ್ರ.

1973ನೇ ಸಾಲಿನ ಫಾಲ್ಕೆ ಪ್ರಶಸ್ತಿಯನ್ನು ಸರ್ಕಾರ ಕೊಟ್ಟಿತು. ಕೊಟ್ಟದ್ದು ಒಳ್ಳೆಯದೇ ಬಿಡಿ. ಆದರೆ ಅಷ್ಟೊಂದು ವೇಷ ಬಲ್ಲ ಕಲಾವಿದೆಗೆ ನಡುವಯಸ್ಸಿನಲ್ಲಿ ಒಂದು ಗಟ್ಟಿ ಪಾತ್ರ ಕೊಡಲು ನಿರ್ಮಾಪಕರಿಗೆ ಏನು ಧಾಡಿಯಾಗಿತ್ತು? ಕೆಲಸ ಕೊಡುವ ಹೊತ್ತಿನಲ್ಲಿ ಮುಖ ತಿರುಗಿಸಿ, ಮುಪ್ಪಿನಲ್ಲಿ ಹಾರ ಹಾಕುವುದು ಇವರಿಗೆ ಸಲೀಸು. 1983ರಲ್ಲಿ ಸುಲೋಚನಾ ಬೊಂಬಾಯಿಯಲ್ಲೇ ತೀರಿಕೊಂಡರು. ಎಂಟು ವೇಷದ ಆ ಚಿತ್ರದ ರೀಲು ಕೂಡ ಉಳಿದಿಲ್ಲ.