ಬಿಸಿಲ ನಾಡಿನಲ್ಲಿ ದೀಪದ ಸೊಪ್ಪು

ಚಳಿಗಾಲದಲ್ಲಿ ಮನೆಯೊಳಗೆ ವಿದ್ಯುದ್ದೀಪಗಳನ್ನುರಿಸಿ ಅವುಗಳ ಕೆಳಗೆ ಲೆಟ್ಯೂಸ್ ಸೊಪ್ಪನ್ನು ಬೆಳೆಯುವ ಪದ್ಧತಿಯು ಶೀತದೇಶಗಳಿಂದ ನಮ್ಮ ನಗರಗಳಿಗೂ ಬಂದಿದೆ. ರಾಯಚೂರು ಜಿಲ್ಲೆಯ ಗಿಲ್ಲೆಸುಗೂರಿನಂಥ ಊರಿನ ವಿದ್ಯಾರ್ಥಿಯೂ ಇದನ್ನು ಅನುಕರಿಸಬೇಕೆ? ಬೇಡವೆಂದೇ ನಮ್ಮ ಅಭಿಪ್ರಾಯ. ಕಾರಣವು ಲೆಕ್ಕದಲ್ಲಿದೆ.

ಎಲೆಯ ಪತ್ರಹರಿತ್ತು ಬೆಳಕಿನ ಕೆಂಪು ಮತ್ತು ನೀಲಿ ಭಾಗಗಳನ್ನು ವಿಶೇಷವಾಗಿ ಹೀರಿಕೊಳ್ಳುತ್ತದೆ. ಆ ಶಕ್ತಿಯಿಂದಲೇ ಗಿಡವು ಗಾಳಿ ನೀರುಗಳನ್ನು ಸಕ್ಕರೆಯಾಗಿಸುತ್ತದೆ. ಡಿಸೆಂಬರಿನಲ್ಲಿ ಸ್ಟಾಕ್‌ಹೋಮಿನ ಹಗಲು 6 ಗಂಟೆಯಷ್ಟೇ, ಅದರ ಬಿಸಿಲೂ ಕ್ಷೀಣ. ಅಲ್ಲಿ ದೀಪ ಬೇಕೇ ಬೇಕು. 2015ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಯಾತ್ರಿಗಳು ದೀಪದಡಿ ಬೆಳೆದ ಲೆಟ್ಯೂಸನ್ನು ತಿಂದುದೂ ಯುಕ್ತವೇ. ಗಿಲ್ಲೆಸುಗೂರಾದರೋ ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಇಲ್ಲಿಯ ಅತ್ಯಂತ ಕಿರಿದಾದ ಹಗಲೂ 11 ಗಂಟೆಗೆ ಕಡಿಮೆಯಿಲ್ಲ. ಲೆಟ್ಯೂಸಿಗೆ ಸಾಕಾಗುವ ಬೆಳಕಿನ ಇಮ್ಮಡಿಯಷ್ಟು ಅಂಗಳದಲ್ಲಿ ಬಿದ್ದಿರುತ್ತದೆ.

ಅದೇ ಸೊಪ್ಪನ್ನು ಕೋಣೆಯೊಳಗೆ ಬೆಳೆಸಿದರೆ? ಉತ್ತಮವಾದ ಎಲ್‌ಇಡಿ ದೀಪಗಳಿಗೂ ಒಂದು ಚದರ ಮೀಟರು ಪಾತಿಗೆ ದಿನಕ್ಕೆ ಒಂದೂವರೆ ಯೂನಿಟ್ಟಿನಷ್ಟು ವಿದ್ಯುತ್ತು ಬೇಕು. 35 ದಿನಗಳಿಗೆ 50 ಯೂನಿಟ್ಟಿಗೂ ಮೇಲೆ. ಇದು ಶಾಖೋತ್ಪನ್ನ ವಿದ್ಯುತ್ತಾದರೆ 35 ಕಿಲೋಗ್ರಾಮಿನಷ್ಟು ಕಲ್ಲಿದ್ದಲು ಉರಿಯಬೇಕು. 1985ರಿಂದ ವಿದ್ಯುತ್ತನ್ನು ನೀಡುತ್ತಿರುವ ಶಕ್ತಿನಗರದ ಸ್ಥಾವರ ನಮ್ಮ ಜಿಲ್ಲೆಯಲ್ಲೇ ಇದೆಯಷ್ಟೆ. ಕಲ್ಲಿದ್ದಲೆಂದರೇನು? ಕೋಟ್ಯಂತರ ವರ್ಷಗಳ ಹಿಂದಿನ ಸಸ್ಯಗಳು ಹಿಡಿದಿಟ್ಟ ಬಿಸಿಲು. ಆ ಹಳೆಯ ಬಿಸಿಲನ್ನು ಸುಟ್ಟು, ಅದರ ಶಾಖದಲ್ಲಿ ಮೂರನೆಯ ಎರಡು ಪಾಲನ್ನು ಕಳೆದುಕೊಂಡು, ಉಳಿದುದನ್ನು ಮತ್ತೆ ಬೆಳಕಾಗಿಸಿ ಸೊಪ್ಪಿಗೆ ಉಣಿಸುವುದು. ಕಿಟಕಿಯಾಚೆ ಹೊಸ ಬಿಸಿಲು ಪುಕ್ಕಟೆಯಾಗಿ ಸುರಿಯುತ್ತಿರುವಾಗ!

ನಮ್ಮ ಸೀಮೆಯ ತೊಡಕು ಕತ್ತಲೆಯಲ್ಲ, ಸೆಕೆ. ಬೇಸಗೆಯಲ್ಲಿ ಉಷ್ಣತೆ 40 ಡಿಗ್ರಿಯನ್ನು ಮೀರುತ್ತದೆ. ಲೆಟ್ಯೂಸ್ ಬೇಗನೆ ಹೂದಂಟೆತ್ತಿ ಕಹಿಯಾಗುತ್ತದೆ. ದೀಪವು ಇದಕ್ಕೆ ಮದ್ದಲ್ಲ.

ಪ್ರಯೋಗದ ಸಾಧನವಾಗಿ ಮಾತ್ರ ದೀಪಕ್ಕೆ ನಾವು ಮಣೆ ಹಾಕುತ್ತೇವೆ. 1952ರಲ್ಲಿ ಅಮೆರಿಕದ ಬೆಲ್ಟ್ಸ್‌ವಿಲ್‌ನಲ್ಲಿ ಬೋರ್ತ್‌ವಿಕ್, ಹೆಂಡ್ರಿಕ್ಸ್ ಮತ್ತು ಅವರ ಸಹೋದ್ಯೋಗಿಗಳು ಲೆಟ್ಯೂಸ್ ಬೀಜಗಳ ಮೇಲೆ ಕೆಂಪು ಬೆಳಕನ್ನು ಬೀರಿದಾಗ ಅವು ಮೊಳೆತವು. ಕೂಡಲೇ ಕಡುಗೆಂಪಿನಾಚೆಯ ಬೆಳಕನ್ನು ಬೀರಿದರೆ ಮೊಳೆಯಲಿಲ್ಲ. ಯಾವುದು ಕೊನೆಯದೋ ಅದರ ಮಾತೇ ನಡೆಯಿತು. ಸಸ್ಯಗಳಲ್ಲಿರುವ ಫೈಟೋಕ್ರೋಮ್ ಎಂಬ ವರ್ಣದ್ರವ್ಯದ ಶೋಧಕ್ಕೆ ಇದೇ ದಾರಿಯಾಯಿತು.

ಇನ್ನೊಂದು ಮಾತು. ಜೋಳದ ಹೊಲಗಳಲ್ಲಿ ತಾನಾಗಿ ಹುಟ್ಟುವ ಹಕ್ಕರಕಿಯನ್ನು ನಮ್ಮವರು ರೊಟ್ಟಿಯೊಡನೆ ಹಸಿಯಾಗಿಯೇ ತಿನ್ನುತ್ತಾರೆ. ಅದೂ ಲೆಟ್ಯೂಸೂ ಸೂರ್ಯಕಾಂತಿಯ ಕುಟುಂಬದ ಒಂದೇ ಬಣಕ್ಕೆ ಸೇರಿದವು. ಎರಡನ್ನೂ ಚಿವುಟಿದರೆ ಹಾಲು ಒಸರುತ್ತದೆ. ಬಿತ್ತದ, ನೀರೂಡದ ಲೆಟ್ಯೂಸ್ ಎಂದರೂ ತಪ್ಪಿಲ್ಲ. ಭತ್ತದ ಕೆಸರಿನಲ್ಲಿ ಅದಕ್ಕೆ ಎಡೆಯಿಲ್ಲ. ಕಳೆನಾಶಕವು ಅದನ್ನೂ ಕಳೆಯೆಂದೇ ಬಗೆಯುತ್ತದೆ. ಹಕ್ಕರಕಿಯ ಬೀಜಕ್ಕೂ ಮೊಳೆಯಲು ಬೆಳಕು ಬೇಕೆ? ಎರಡು ತಟ್ಟೆ, ಒದ್ದೆ ಬಟ್ಟೆ, ಬೆಳಕು ನುಸುಳದ ಒಂದು ಡಬ್ಬಿ ಇಷ್ಟಿದ್ದರೆ ವಿದ್ಯಾರ್ಥಿಗಳು ಈ ಚಳಿಗಾಲದಲ್ಲಿಯೇ ಪರೀಕ್ಷಿಸಿ ನೋಡಬಹುದು.