ನೆತ್ತರು ತರುವ ನರಗಳ ವಾರ್ತೆ

ವಿದ್ಯುತ್ ತಂತಿಗೆ ಹೊದಿಕೆಯಿರುವಂತೆ ನರತಂತುಗಳಿಗೆ ಮಯಲಿನ್ ಎಂಬ ಕವಚವುಂಟು. ದೇಹದ ರಕ್ಷಣಾಶಕ್ತಿಯೇ ದಾರಿತಪ್ಪಿ ಆ ಕವಚವನ್ನು ಕೆಡಿಸುವ ರೋಗವೇ ಮಲ್ಟಿಪಲ್ ಸ್ಕ್ಲಿರೋಸಿಸ್. ದೃಷ್ಟಿ ಮಂಜಾಗುತ್ತದೆ, ಕೈಕಾಲು ಜೋಮುಗಟ್ಟುತ್ತವೆ. ಇದು ಪರದೇಶದವರ ರೋಗವೆಂದು ನಿಶ್ಚಿಂತರಾಗಿರುವಂತಿಲ್ಲ. ಮಂಗಳೂರು ನಗರದಲ್ಲಿ ಲಕ್ಷಕ್ಕೆ ಸುಮಾರು 8 ಮಂದಿ ಇದಕ್ಕೆ ತುತ್ತಾಗಿರುವರೆಂದು ಡಾ. ಲೇಖಾ ಪಂಡಿತರ ಸಮೀಕ್ಷೆ 2014ರಲ್ಲಿ ತಿಳಿಸಿತು.

ನರತಂತು ಘಾಸಿಗೊಂಡಾಗ ಅದರೊಳಗಿನ ನ್ಯೂರೋಫಿಲಮೆಂಟ್ ಎಂಬ ಪ್ರೋಟೀನು ಸೋರಿ ರಕ್ತವನ್ನು ಸೇರುತ್ತದೆ. ಅದನ್ನು ಅಳೆಯುವುದು ಪಿಕೋಗ್ರಾಂಗಳಲ್ಲಿ, ಎಂದರೆ ಗ್ರಾಮಿನ ಲಕ್ಷ ಕೋಟಿಯ ಒಂದು ಪಾಲಿನ ಲೆಕ್ಕದಲ್ಲಿ! ಅಳತೆ ಏರಿದರೆ ರೋಗ ಕೆರಳಿರಬಹುದು; ಚಿಕಿತ್ಸೆಯ ಬಳಿಕ ಇಳಿದರೆ ಔಷಧಿ ನಾಟಿರಬಹುದು.

ಚಿಕ್ಕೋಡಿ ಸೀಮೆಯ ಏಕಸಂಬಿಯಂಥ ಊರಿನ ರೋಗಿ ಎಂ.ಆರ್.ಐ. ಚಿತ್ರಕ್ಕಾಗಿ ತಾನೇ ದೂರದ ಪಟ್ಟಣಕ್ಕೆ ಹೋಗಬೇಕು. ರಕ್ತದ ಸೀಸೆಯಾದರೋ ರೋಗಿಯನ್ನು ಮನೆಯಲ್ಲೇ ಬಿಟ್ಟು ಪ್ರಯಾಣ ಮಾಡಬಲ್ಲುದು. ಈ ಪರೀಕ್ಷೆ ಎಲ್ಲೆಡೆ ದೊರೆತರೆ ಅಂಥವರಿಗೆ ಎಷ್ಟೋ ಅನುಕೂಲ.

ಆದರೂ ಒಂದು ಎಚ್ಚರ ಅಗತ್ಯ. ಮುಪ್ಪು, ತಲೆಪೆಟ್ಟು, ಪಾರ್ಶ್ವವಾಯು ಇವುಗಳಿಂದಲೂ ಆ ಅಂಕಿ ಏರುತ್ತದೆ. ಆದುದರಿಂದ ಅದು ವೈದ್ಯರಿಗೆ ಸಾಕ್ಷಿಯೇ ಹೊರತು ತೀರ್ಪಲ್ಲ. ಅಂಕಿ ಇಳಿಯಿತೆಂದು ಔಷಧಿಯನ್ನು ತಾನಾಗಿ ನಿಲ್ಲಿಸುವುದು ವಿವೇಕವಲ್ಲ.