ಪ್ಲಾಸ್ಟಿಕ್ ಗುಂಡು ಅಂದ್ರೆ ಆಟದ ಸಾಮಾನಲ್ಲ ಸ್ವಾಮಿ

ಮೊನ್ನೆ ಆಫೀಸಲ್ಲಿ ಊಟದ ಹೊತ್ತು. ಯಾರದೋ ಮೊಬೈಲಲ್ಲಿ ಪ್ರತಿಭಟನೆಗೆ ಬಂದವರ ಮೇಲೆ ಲಾಠಿ ಬೀಸುವ ವಿಡಿಯೋ ಓಡ್ತಿತ್ತು. ನನಗಿಂತ ಹಿರಿಯರೊಬ್ಬರು, ಒಳ್ಳೆ ಮನುಷ್ಯರೇ, ಅನ್ನ ಕಲಸುತ್ತಾ ಅಂದ್ರು: "ಲಾಠಿ ಯಾಕ್ರೀ, ಪ್ಲಾಸ್ಟಿಕ್ ಬುಲೆಟ್ ಇದಾವಲ್ಲ. ನಾಲ್ಕು ಹೊಡೆದ್ರೆ ಎಲ್ಲಾ ಮನೆಗೆ ಓಡ್ತಾರೆ. ಯಾರೂ ಸಾಯಲ್ಲ."

ನಾನು ಸುಮ್ಮನಿದ್ದೆ. ಸುಮ್ಮನಿದ್ದಿದ್ದಕ್ಕೆ ರಾತ್ರಿ ನಿದ್ದೆ ಬರಲಿಲ್ಲ. ಅವರಿಗೆ ಹೇಳಬೇಕಿದ್ದದ್ದನ್ನು ಇಲ್ಲಿ ಬರೀತಿದ್ದೀನಿ. ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

"ಯಾರೂ ಸಾಯಲ್ಲ" ಅನ್ನೋ ಮಾತನ್ನು ಮೊದಲು ನಂಬಬೇಕಾಗಿ ಬಂದದ್ದು ಉತ್ತರ ಐರ್ಲೆಂಡಿನ ಜನ. ಅಲ್ಲಿ ಕ್ಯಾಥೊಲಿಕರಿಗೆ ಮನೆ ಹಂಚಿಕೆಯಲ್ಲಿ, ಕೆಲಸದಲ್ಲಿ, ಮತದಾನದಲ್ಲಿ ತಾರತಮ್ಯ. ಸಮಾನ ಹಕ್ಕು ಕೇಳಿ ಬೀದಿಗಿಳಿದ್ರು. ಗಲಭೆ ಹತ್ತಿಕ್ಕೋಕೆ ಅಂತ ಬ್ರಿಟಿಷ್ ಸೇನೆ 1970ರಲ್ಲಿ ರಬ್ಬರ್ ಗುಂಡು ತಂತು. ಆಮೇಲೆ 1973ರಲ್ಲಿ ಪ್ಲಾಸ್ಟಿಕ್ ಗುಂಡು ಬಂತು. ಹೆಸರು ಕೇಳಿದ್ರೆ ಮಕ್ಕಳ ಪಿಸ್ತೂಲು ನೆನಪಾಗುತ್ತೆ. ಅದು ಸುಮಾರು ಹತ್ತು ಸೆಂಟಿಮೀಟರ್ ಉದ್ದದ, 135 ಗ್ರಾಂ ತೂಕದ ಗಟ್ಟಿ ಪಿವಿಸಿ ತುಂಡು. ಕ್ರಿಕೆಟ್ ಚೆಂಡಿಗಿಂತ ಸ್ವಲ್ಪ ಹಗುರ, ಅಷ್ಟೇ. ಗಂಟೆಗೆ 250 ಕಿ.ಮೀ. ಆಸುಪಾಸಿನ ವೇಗದಲ್ಲಿ ಅದು ಒಂದು ಮಗುವಿನ ತಲೆಗೆ ಬಡಿದ್ರೆ ಏನಾಗುತ್ತೆ, ನೀವೇ ಯೋಚಿಸಿ.

ಆಗಿದ್ದು ಇದು: ರಬ್ಬರ್ ಮತ್ತು ಪ್ಲಾಸ್ಟಿಕ್ ಗುಂಡಿಗೆ ಅಲ್ಲಿ 17 ಜನ ಸತ್ತರು. ಅವರಲ್ಲಿ ಎಂಟು ಮಂದಿ 18 ತುಂಬದ ಮಕ್ಕಳು. ಒಬ್ಬರನ್ನು ಬಿಟ್ಟು ಉಳಿದ 16 ಜನರೂ ಕ್ಯಾಥೊಲಿಕರು. 1981ರಲ್ಲಿ ಜೈಲಿನೊಳಗೆ ಉಪವಾಸ ಸತ್ಯಾಗ್ರಹ ನಡೀತಿದ್ದಾಗ, ಆ ಒಂದೇ ವರ್ಷ ಸುಮಾರು 30 ಸಾವಿರ ಪ್ಲಾಸ್ಟಿಕ್ ಗುಂಡು ಹಾರಿಸಿದ್ರು. ಏಳು ಜನ ಹೋದರು. ಅದರಲ್ಲೊಬ್ಬಳು 12 ವರ್ಷದ ಹುಡುಗಿ. ಅಂಗಡಿಯಿಂದ ಹಾಲು ತಗೊಂಡು ಮನೆಗೆ ಹೋಗ್ತಿದ್ದಳು. ಹಾಲು!

ಈ 17 ಸಾವಿಗೆ ಎಷ್ಟು ಜನಕ್ಕೆ ಶಿಕ್ಷೆ ಆಯ್ತು? ಒಬ್ಬರಿಗೂ ಇಲ್ಲ. 1972ರಲ್ಲಿ ಸತ್ತ 11 ವರ್ಷದ ಹುಡುಗನ ಮೇಲೆ ಗುಂಡು ಹಾರಿಸಿದ್ದು ಸಮರ್ಥನೀಯ ಅಲ್ಲ ಅಂತ ವಿಚಾರಣಾಧಿಕಾರಿ ಹೇಳಿದ್ದು 2017ರಲ್ಲಿ. 45 ವರ್ಷ! ನಮ್ಮ ಜನರ ಕೇಸುಗಳು ಕೋರ್ಟಿನಲ್ಲಿ ಕೊಳೆಯೋದನ್ನು ಕಂಡವರಿಗೆ ಇದೇನು ಹೊಸದಲ್ಲ ಬಿಡಿ.

ಈಗ ಒಬ್ಬ ತಾಯಿಯ ಬಗ್ಗೆ ಹೇಳ್ತೀನಿ. ಎಮ್ಮಾ ಗ್ರೋವ್ಸ್. ಬೆಲ್‌ಫಾಸ್ಟಿನವರು, 11 ಮಕ್ಕಳ ತಾಯಿ. 1971ರ ನವೆಂಬರಿನಲ್ಲಿ ಸೈನಿಕರು ಬೀದಿಯ ಮನೆಗಳಿಗೆ ನುಗ್ಗಿ ಶೋಧ ಮಾಡ್ತಿದ್ರು. ಅಕ್ಕಪಕ್ಕದವರಿಗೆ ಧೈರ್ಯ ಬರಲಿ ಅಂತ ಈ ತಾಯಿ ಒಂದು ಹಾಡಿನ ರೆಕಾರ್ಡ್ ಹಾಕಿ ಕಿಟಕಿ ಹತ್ರ ನಿಂತರು. ಕಲ್ಲು ಹೊಡೀಲಿಲ್ಲ, ಬೈಯಲಿಲ್ಲ, ಹಾಡು ಹಾಕಿದ್ರು. ಹತ್ತಿರದಿಂದಲೇ ಒಬ್ಬ ಸೈನಿಕ ಕಿಟಕಿಯೊಳಗೆ ರಬ್ಬರ್ ಗುಂಡು ಹಾರಿಸಿದ. ಎರಡೂ ಕಣ್ಣು ಹೋಯ್ತು. ತನ್ನ ಮಕ್ಕಳ ಮುಖ ಮತ್ತೆ ನೋಡಲಿಲ್ಲ.

ಆ ತಾಯಿ ಮೂಲೇಲಿ ಕೂತು ಅಳಲಿಲ್ಲ. 1984ರಲ್ಲಿ ಕ್ಲಾರಾ ರೈಲಿ ಅವರ ಜೊತೆ ಸೇರಿ ಪ್ಲಾಸ್ಟಿಕ್ ಗುಂಡಿನ ವಿರುದ್ಧ ಸಂಘಟನೆ ಕಟ್ಟಿದ್ರು. ಮಕ್ಕಳನ್ನು ಕಳಕೊಂಡವರು ಜೊತೆಯಾದರು. ಅದಕ್ಕೂ ಮೊದಲೇ, 1982ರಲ್ಲಿ, ಯುರೋಪಿಯನ್ ಪಾರ್ಲಿಮೆಂಟು ಈ ಗುಂಡು ನಿಷೇಧಿಸಿ ಅಂತ ನಿರ್ಣಯ ಮಾಡಿತ್ತು. 1998ರಲ್ಲಿ ವಿಶ್ವಸಂಸ್ಥೆಯ ಚಿತ್ರಹಿಂಸೆ ವಿರೋಧಿ ಸಮಿತಿ ಗಲಭೆ ನಿಯಂತ್ರಣಕ್ಕೆ ಇದನ್ನು ಬಳಸೋದು ನಿಲ್ಲಿಸಿ ಅಂತ ಬ್ರಿಟನ್ನಿಗೆ ಹೇಳಿತು. ಬ್ರಿಟನ್ ಏನು ಮಾಡ್ತು? 2005ರಲ್ಲಿ ಹೊಸ ಮಾದರಿ ತಂದು, ಹೊಸ ಹೆಸರಿಟ್ಟು ಮುಂದುವರಿಸ್ತು. ಕಾಗದದ ಮೇಲಿನ ನ್ಯಾಯ ಅಂದ್ರೇನು ಅಂತ ನಮಗೆ ಯಾರೂ ಪಾಠ ಮಾಡಬೇಕಿಲ್ಲ.

ಇಲ್ಲೊಂದು ವಿಷಯ ಗಮನಿಸಿ. ಇಂಗ್ಲೆಂಡಿನಲ್ಲೂ ದೊಡ್ಡ ದೊಡ್ಡ ಗಲಭೆ ಆಗಿವೆ. 1981ರಲ್ಲಿ ಆಗಿದೆ, 2011ರಲ್ಲಿ ಲಂಡನ್ನೇ ಹೊತ್ತಿ ಉರಿದಿದೆ. ಅಲ್ಲಿನ ಗಲಭೆಕೋರರ ಮೇಲೆ ಈ ಗುಂಡು ಹಾರಿಸಲೇ ಇಲ್ಲ. ಗುಂಡು ಅದೇ, ಸರ್ಕಾರ ಅದೇ. ಬೇರೆ ಇದ್ದದ್ದು ಎದುರಿಗಿನ ಜನ. ಯಾರ ಕಣ್ಣಿಗೆ ಬೆಲೆ ಇದೆ, ಯಾರ ಕಣ್ಣಿಗೆ ಇಲ್ಲ ಅನ್ನೋದು ಟ್ರಿಗರ್ ಎಳೆಯೋ ಮೊದಲೇ ತೀರ್ಮಾನ ಆಗಿರುತ್ತೆ. ಇದನ್ನು ನಾವು ಜಾತಿ ಅಂತೀವಿ, ಅವರು ಇನ್ನೇನೋ ಅಂತಾರೆ.

ನಮ್ಮ ದೇಶಕ್ಕೆ ಬನ್ನಿ. ಕಾಶ್ಮೀರದಲ್ಲಿ 2010ರಲ್ಲಿ ಪೆಲೆಟ್ ಗನ್ ತಂದಾಗಲೂ ಹೇಳಿದ್ದು ಇದೇ ಮಾತು, ಇದು ಸಾಯಿಸಲ್ಲ. 2016ರಲ್ಲಿ ನೂರಾರು ಹುಡುಗರು, ಹುಡುಗಿಯರು ಕಣ್ಣಿಗೆ ಏಟು ತಿಂದು ಆಸ್ಪತ್ರೆ ಸೇರಿದ್ರು. ಕೂಗು ಎದ್ದ ಮೇಲೆ 2017ರಲ್ಲಿ ಅಲ್ಲಿಗೆ 21 ಸಾವಿರ ಪ್ಲಾಸ್ಟಿಕ್ ಗುಂಡು ಕಳಿಸಿದ್ರು, ಪೆಲೆಟ್‌ಗಿಂತ ಇದು ಮೃದು ಅಂತ. ನೋಡಿ, ಪ್ರತಿ ಸಲ ಹಿಂದಿನದಕ್ಕಿಂತ "ಮೃದು"ವಾದದ್ದು ಬರುತ್ತೆ. ಬಳಕೆ ಮಾತ್ರ ಜಾಸ್ತಿ ಆಗುತ್ತೆ.

ಹಿರಿಯರು ಕೇಳಬಹುದು: 1997ರಲ್ಲಿ ಮುಂಬೈನ ರಮಾಬಾಯಿ ನಗರದಲ್ಲಿ ಬಾಬಾಸಾಹೇಬರ ಪ್ರತಿಮೆಗೆ ಅವಮಾನ ಆಯ್ತು ಅಂತ ಬೀದಿಗೆ ಬಂದ ನಮ್ಮ ಜನರ ಮೇಲೆ ನಿಜವಾದ ಗುಂಡು ಹಾರಿಸಿ 10 ಜನರನ್ನು ಕೊಂದ್ರಲ್ಲ, ಅದು ಪ್ಲಾಸ್ಟಿಕ್ ಆಗಿದ್ರೆ ಬದುಕ್ತಿರಲಿಲ್ವಾ? ಕೆಲವರು ಬದುಕ್ತಿದ್ರೇನೋ. ನಾನು ಇಲ್ಲ ಅನ್ನಲ್ಲ. ಆದ್ರೆ ನಿಜವಾದ ಗುಂಡಿಗೆ ಕನಿಷ್ಠ ಒಂದು ವಿಚಾರಣೆಯಾದರೂ ನಡೆಯುತ್ತೆ, ಸುದ್ದಿ ಆಗುತ್ತೆ. ಹಾರಿಸೋನ ಕೈ ಒಂದು ಕ್ಷಣ ನಡುಗುತ್ತೆ. "ಯಾರೂ ಸಾಯಲ್ಲ" ಅನ್ನೋ ಗುಂಡು ಆ ನಡುಕವನ್ನೇ ತೆಗೆದುಹಾಕುತ್ತೆ. ಅದೇ ಅದರ ಅಪಾಯ.

ಸಾಯಲ್ಲ ಅನ್ನೋದೂ ಸುಳ್ಳು. ಬೇರೆ ಬೇರೆ ದೇಶಗಳ ವೈದ್ಯಕೀಯ ವರದಿಗಳನ್ನು ಒಟ್ಟು ಸೇರಿಸಿದ ಅಧ್ಯಯನವೊಂದು 2017ರಲ್ಲಿ ಬಂತು. ಇಂಥ ಗುಂಡಿನಿಂದ ಗಾಯಗೊಂಡ 1984 ಜನರಲ್ಲಿ 53 ಮಂದಿ ಸತ್ತಿದ್ರು, 300 ಮಂದಿಗೆ ಶಾಶ್ವತ ಅಂಗವಿಕಲತೆ.

ಹಾಗಾದ್ರೆ ಕಲ್ಲು ತೂರಿದ್ರೆ ಪೊಲೀಸರು ಏನು ಮಾಡಬೇಕು? ಅವರಲ್ಲೂ ನಮ್ಮ ಮಕ್ಕಳಿದ್ದಾರೆ, ಅವರ ಜೀವಕ್ಕೂ ಬೆಲೆ ಇದೆ. 2012ರಲ್ಲಿ ಬಾರ್ಸಿಲೋನಾದಲ್ಲಿ ಒಬ್ಬ ಹೆಣ್ಣುಮಗಳ ಕಣ್ಣು ಹೋದ ಮೇಲೆ, ಜನ ಬಿಡದೆ ಹೋರಾಡಿ, ಕ್ಯಾಟಲೋನಿಯಾದ ಪೊಲೀಸರು 2014ರಿಂದ ರಬ್ಬರ್ ಗುಂಡು ಬಳಸದ ಹಾಗೆ ಮಾಡಿದ್ರು. ಅಲ್ಲಿನ ಸರ್ಕಾರ ಏನೂ ಬಿದ್ದುಹೋಗಲಿಲ್ಲ. ಎದುರಿಗೆ ಬಂದವರ ಅಹವಾಲು ಕೇಳೋ ಅಧಿಕಾರಿಯನ್ನು ಮೊದಲು ಕಳಿಸಿ. ಗುಂಡಿನ ಮಾತು ಆಮೇಲೆ.

ಎಮ್ಮಾ ಗ್ರೋವ್ಸ್ 2007ರಲ್ಲಿ ತೀರಿಕೊಂಡ್ರು, ನಿಷೇಧವನ್ನು ಕಾಣದೆ. ನಾಳೆ ಊಟದ ಹೊತ್ತಿಗೆ ನಮ್ಮ ಹಿರಿಯರಿಗೆ ಆ ತಾಯಿಯ ಕಥೆ ಹೇಳ್ತೀನಿ. ಈ ಸಲ ಸುಮ್ಮನಿರಲ್ಲ. ನಿಮ್ಮ ಪಕ್ಕದಲ್ಲೂ "ಯಾರೂ ಸಾಯಲ್ಲ" ಅನ್ನೋರು ಕೂತಿರ್ತಾರೆ. ನೀವೂ ಸುಮ್ಮನಿರಬೇಡಿ.

ಜೈ ಭೀಮ್.